ಕಾಣೆಯಾದ ಮಹಿಳೆ, ಅನುಮಾನಾಸ್ಪದ ಮರಣ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಕರ್ತವ್ಯ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ. ಸಿದ್ಧಪಡಿಸಿದವರು: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ)



ಕುಡಿಯುವ ನೀರು, ಬೀದಿ ದೀಪ, ಚರಂಡಿ, ಉದ್ಯೋಗ ಖಾತರಿ ಕಾಮಗಾರಿ ಇವು ಪಂಚಾಯಿತಿಯ ಕೆಲಸಗಳೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಗ್ರಾಮದ ಹೆಣ್ಣುಮಗಳೊಬ್ಬಳು ಕಾಣೆಯಾದಾಗ ಅಥವಾ ಸಂಶಯಾಸ್ಪದವಾಗಿ ಮೃತಪಟ್ಟಾಗ "ಅದು ಪೊಲೀಸರ ಕೆಲಸ, ಮನೆಯವರ ವಿಷಯ" ಎಂದು ಸದಸ್ಯರು ಹಿಂದೆ ಸರಿಯುವುದು ರೂಢಿಯಾಗಿದೆ. ಈ ರೂಢಿಗೆ ಕಾನೂನಿನ ಆಧಾರವಿಲ್ಲ. ಅಂತಹ ಸಂದರ್ಭದಲ್ಲಿ ಪಂಚಾಯಿತಿ ಸದಸ್ಯರಿಗೆ ಸ್ಪಷ್ಟವಾದ ಕಾನೂನುಬದ್ಧ ಕರ್ತವ್ಯವಿದೆ. ಅದು ಯಾವುದು, ಅದನ್ನು ಹೇಗೆ ನಿರ್ವಹಿಸಬೇಕು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಸಮಸ್ಯೆಯ ಪ್ರಮಾಣ

2023ರ ಜುಲೈ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯವು ಸಂಸತ್ತಿಗೆ ನೀಡಿದ ಮಾಹಿತಿಯಂತೆ, 2019ರಿಂದ 2021ರವರೆಗಿನ ಮೂರು ವರ್ಷಗಳಲ್ಲಿ ದೇಶದಲ್ಲಿ 18 ವರ್ಷ ಮೇಲ್ಪಟ್ಟ 10,61,648 ಮಹಿಳೆಯರು ಹಾಗೂ 18 ವರ್ಷದೊಳಗಿನ 2,51,430 ಬಾಲಕಿಯರು ಕಾಣೆಯಾಗಿರುವುದಾಗಿ ದಾಖಲಾಗಿದೆ. ಇವರಲ್ಲಿ ಬಹಳಷ್ಟು ಮಂದಿ ಪತ್ತೆಯಾಗುತ್ತಾರೆ. ಕೆಲವರು ಸ್ವಂತ ಇಚ್ಛೆಯಿಂದ ಮನೆ ಬಿಟ್ಟವರು, ಕೆಲವರು ಮನೆಯೊಳಗಿನ ಹಿಂಸೆಯನ್ನು ತಾಳಲಾರದೆ ಹೊರಟವರು. ಉಳಿದವರಲ್ಲಿ ಸಾಗಾಣಿಕೆಗೆ ಸಿಕ್ಕವರು, ಕೊಲೆಯಾದವರು ಇರುತ್ತಾರೆ. ಕಾಣೆಯಾದ ಮೊದಲ ದಿನ ಯಾರು ಯಾವ ಗುಂಪಿಗೆ ಸೇರಿದವರೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಆದುದರಿಂದ ಪ್ರತಿಯೊಂದು ಪ್ರಕರಣವನ್ನೂ ಗಂಭೀರವೆಂದೇ ಪರಿಗಣಿಸಬೇಕಾಗುತ್ತದೆ.

ಕೊಲೆಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2023ರಲ್ಲಿ ಜಗತ್ತಿನಾದ್ಯಂತ ಸುಮಾರು 51,100 ಮಹಿಳೆಯರು ಮತ್ತು ಬಾಲಕಿಯರು ತಮ್ಮ ಸಂಗಾತಿ ಅಥವಾ ಕುಟುಂಬದವರಿಂದಲೇ ಹತರಾದರು. ಅಂದರೆ ದಿನವೊಂದಕ್ಕೆ ಸರಾಸರಿ 140 ಮಂದಿ. ಮಹಿಳೆಗೆ ಅಪಾಯ ಒದಗುವುದು ಕತ್ತಲೆ ದಾರಿಯ ಅಪರಿಚಿತನಿಂದ ಎಂಬ ನಮ್ಮ ಕಲ್ಪನೆ ಅಪೂರ್ಣವಾದುದು. ಬಹುಪಾಲು ಅಪಾಯವು ಪರಿಚಿತರಿಂದ, ಮನೆಯ ಹೊಸ್ತಿಲೊಳಗಿನಿಂದಲೇ ಬರುತ್ತದೆ. ಹೀಗಾಗಿ "ಮನೆಯವರ ವಿಷಯ" ಎಂಬ ಮಾತು ಎಷ್ಟೋ ಸಂದರ್ಭಗಳಲ್ಲಿ ಆರೋಪಿಯ ಕೈಗೇ ವಿಷಯವನ್ನು ಒಪ್ಪಿಸಿದಂತಾಗುತ್ತದೆ.

2. ನಮ್ಮ ಜಿಲ್ಲೆಯ ಅನುಭವ

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳನ್ನು ಚಾಕುವಿನಿಂದ ಇರಿದು ಕೊಲ್ಲಲಾಯಿತು. ಒಂದು ತಿಂಗಳು ತುಂಬುವುದರೊಳಗೆ, ಮೇ 15ರ ನಸುಕಿನಲ್ಲಿ, ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಮತ್ತೊಬ್ಬ ಯುವತಿಯ ಕೊಲೆ ಅವಳ ಮನೆಯಲ್ಲಿಯೇ ನಡೆಯಿತು. ಎರಡನೆಯ ಪ್ರಕರಣದಲ್ಲಿ, ಆರೋಪಿಯು ಬೆದರಿಕೆ ಹಾಕಿದ್ದನ್ನು ಮೊದಲೇ ಪೊಲೀಸರಿಗೆ ತಿಳಿಸಲಾಗಿತ್ತೆಂದು ಕುಟುಂಬದವರು ದೂರಿದರು. ಕರ್ತವ್ಯಲೋಪದ ಕಾರಣಕ್ಕಾಗಿ ಪೊಲೀಸ್ ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು. ಪ್ರಕರಣಗಳ ತನಿಖೆಯನ್ನು ಸರ್ಕಾರವು ಸಿಐಡಿಗೆ ವಹಿಸಿತು.

2025ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ತಾಲೂಕಿನ ಇನಾಂ ವೀರಾಪುರ ಗ್ರಾಮದಲ್ಲಿ ಅಂತರ್ಜಾತಿ ವಿವಾಹವಾಗಿದ್ದ ಗರ್ಭಿಣಿಯೊಬ್ಬಳ ಕೊಲೆಯಾಯಿತು. ಅವಳ ತಂದೆ ಹಾಗೂ ಸಂಬಂಧಿಕರ ಮೇಲೆ ಪ್ರಕರಣ ದಾಖಲಾಯಿತು. ಇದು ನಗರದ ಘಟನೆಯಲ್ಲ. ನಮ್ಮಂತಹುದೇ ಗ್ರಾಮ, ನಮ್ಮಂತಹುದೇ ಪಂಚಾಯಿತಿ ವ್ಯಾಪ್ತಿ.

ಈ ಘಟನೆಗಳಿಂದ ಕಲಿಯಬೇಕಾದುದು ಒಂದೇ ಮಾತು: ಬೆದರಿಕೆಯೂ ಒಂದು ಮಾಹಿತಿ. ಕೊಲೆಗೆ ಮುಂಚೆ ಬಹಳ ಸಲ ಮಾತು ಹೊರಬಿದ್ದಿರುತ್ತದೆ. ಓಣಿಯಲ್ಲಿ, ಕಟ್ಟೆಯ ಮೇಲೆ, ನೆಂಟರ ನಡುವೆ ಅದು ಕೇಳಿಬಂದಿರುತ್ತದೆ. ಅದನ್ನು ಕೇಳಿದವರು ಸಂಬಂಧಪಟ್ಟವರಿಗೆ ತಲುಪಿಸಿದರೆ ಮಾತ್ರ ಪ್ರಯೋಜನವಾಗುತ್ತದೆ. ತಲುಪಿಸಿದ್ದಕ್ಕೆ ಲಿಖಿತ ದಾಖಲೆ ಇದ್ದರೆ ಪಡೆದವರು ಉತ್ತರದಾಯಿಗಳಾಗುತ್ತಾರೆ.

3. ಎರಡು ವಹಿಗಳು ಒಂದನ್ನೊಂದು ನೋಡದಿದ್ದರೆ ಏನಾಗುತ್ತದೆ

ಕರ್ನಾಟಕದ ಇತಿಹಾಸದಲ್ಲಿ ಕಾಣೆಯಾದ ಮಹಿಳೆಯರ ಬಗೆಗಿನ ಅತ್ಯಂತ ಕಹಿಯಾದ ಪಾಠವನ್ನು ಕರಾವಳಿಯ ಪ್ರಕರಣವೊಂದು ಕಲಿಸಿದೆ. ಪ್ರಾಥಮಿಕ ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಎಂಬಾತನು, ವರದಕ್ಷಿಣೆ ಕೊಡಲಾಗದ ಬಡ ಕುಟುಂಬಗಳ ಅವಿವಾಹಿತ ಯುವತಿಯರಿಗೆ ಮದುವೆಯ ಆಸೆ ತೋರಿಸಿ ದೂರದ ಊರುಗಳಿಗೆ ಕರೆದೊಯ್ಯುತ್ತಿದ್ದನು. ಒಡವೆಗಳನ್ನು ವಸತಿಗೃಹದಲ್ಲಿ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕ ಮಾತ್ರೆಯೆಂದು ನಂಬಿಸಿ ಸೈನೈಡ್ ಕೊಡುತ್ತಿದ್ದನು. 2009ರ ಅಕ್ಟೋಬರ್‌ನಲ್ಲಿ ಆತನ ಬಂಧನವಾಗುವ ವೇಳೆಗೆ 20 ಮಹಿಳೆಯರ ಕೊಲೆಯ ಆರೋಪ ಹೊರಬಿದ್ದಿತು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯವು ಮೊದಲ ಪ್ರಕರಣಗಳಲ್ಲಿ ಆತನನ್ನು ಅಪರಾಧಿಯೆಂದು ಘೋಷಿಸಿತು. ಉಳಿದ ಪ್ರಕರಣಗಳ ವಿಚಾರಣೆ 2020ರವರೆಗೂ ನಡೆಯಿತು.

ವರ್ಷಗಳ ಕಾಲ ಇದು ಯಾರ ಗಮನಕ್ಕೂ ಬಾರದೆ ಹೇಗೆ ಉಳಿಯಿತು? ಕಾರಣ ಸರಳವಾಗಿದೆ. ಹೆಣ್ಣು ಕಾಣೆಯಾದ ಊರಿನಲ್ಲಿ "ಯಾರೊಡನೆಯೋ ಓಡಿಹೋದಳು" ಎಂದರು. ಮಾನಕ್ಕೆ ಅಂಜಿ ಕೆಲವು ಕುಟುಂಬಗಳು ದೂರನ್ನೇ ಕೊಡಲಿಲ್ಲ. ಶವ ದೊರೆತ ಊರಿನಲ್ಲಿ, ಅಂದರೆ ಹಾಸನ, ಮಡಿಕೇರಿ, ಮೈಸೂರು, ಬೆಂಗಳೂರಿನಂತಹ ಕಡೆಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ, "ಅಪರಿಚಿತ ಮಹಿಳೆಯ ಅಸ್ವಾಭಾವಿಕ ಮರಣ" ಎಂದು ಬರೆದುಕೊಂಡರು. ಒಂದು ಠಾಣೆಯ ವಹಿಯಲ್ಲಿ ಕಾಣೆಯಾದವಳ ಹೆಸರಿತ್ತು, ಶವವಿರಲಿಲ್ಲ. ಇನ್ನೊಂದು ಠಾಣೆಯ ವಹಿಯಲ್ಲಿ ಶವವಿತ್ತು, ಹೆಸರಿರಲಿಲ್ಲ. ಎರಡು ವಹಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ವ್ಯವಸ್ಥೆಯಿರಲಿಲ್ಲ. ಕೊನೆಗೆ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು 2009ರಲ್ಲಿ ಕಾಣೆಯಾದಾಗ ಊರಿನ ಜನ ಸುಮ್ಮನಿರದೆ ಒಟ್ಟಾಗಿ ಪೊಲೀಸರನ್ನು ಒತ್ತಾಯಿಸಿದರು. ದೂರವಾಣಿ ಕರೆಗಳ ಜಾಡು ಹಿಡಿದು ಹೋದಾಗ ಇಡೀ ಸರಣಿ ಬಯಲಾಯಿತು.

ದೂರದ ದೇಶಗಳಲ್ಲಿಯೂ ಇದೇ ಕೊರತೆ ಕಂಡುಬಂದಿದೆ. ಕೆನಡಾದ ಪೊಲೀಸರು 2014ರಲ್ಲಿ ಪ್ರಕಟಿಸಿದ ವರದಿಯು 1980ರಿಂದ 2012ರವರೆಗೆ ಆ ದೇಶದ ಮೂಲನಿವಾಸಿ ಮಹಿಳೆಯರಲ್ಲಿ 1,017 ಮಂದಿಯ ಕೊಲೆ ಹಾಗೂ 164 ಮಂದಿ ನಾಪತ್ತೆಯಾದುದನ್ನು ಗುರುತಿಸಿತು. ಬಳಿಕ ರಚಿತವಾದ ರಾಷ್ಟ್ರೀಯ ವಿಚಾರಣಾ ಆಯೋಗವು 2019ರ ಜೂನ್‌ನಲ್ಲಿ 231 ಶಿಫಾರಸುಗಳನ್ನು ಮಾಡಿತು. ಅಮೆರಿಕವು 2020ರಲ್ಲಿ ಸವಾನಾ ಕಾಯ್ದೆಯನ್ನು ಜಾರಿಗೆ ತಂದು, ಮೂಲನಿವಾಸಿಗಳ ನಾಪತ್ತೆ ಹಾಗೂ ಕೊಲೆ ಪ್ರಕರಣಗಳಲ್ಲಿ ವಿವಿಧ ಪೊಲೀಸ್ ವ್ಯಾಪ್ತಿಗಳ ನಡುವೆ ಮಾಹಿತಿ ಹಂಚಿಕೆಯನ್ನು ಸುಧಾರಿಸಲು ಮುಂದಾಯಿತು. ವ್ಯಾಪ್ತಿಯ ಗಡಿಯಲ್ಲಿ ಮಾಹಿತಿ ಬಿದ್ದುಹೋಗುವುದೇ ಅಲ್ಲಿಯೂ ಮುಖ್ಯ ದೋಷವಾಗಿತ್ತು.

ನಮ್ಮ ಜಿಲ್ಲೆಗೆ ಇದು ನೇರವಾಗಿ ಅನ್ವಯಿಸುತ್ತದೆ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಭಾಗದ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಅಧೀನದಲ್ಲಿವೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಠಾಣೆಗಳು ಪೊಲೀಸ್ ಆಯುಕ್ತರ ಅಧೀನದಲ್ಲಿವೆ. ರೈಲ್ವೆ ಹಳಿ ಮತ್ತು ನಿಲ್ದಾಣಗಳಲ್ಲಿ ನಡೆದುದು ರೈಲ್ವೆ ಪೊಲೀಸರ ವ್ಯಾಪ್ತಿಗೆ ಸೇರುತ್ತದೆ. ಕುಂದಗೋಳದ ಹಳ್ಳಿಯಿಂದ ಹೊರಟ ಮಹಿಳೆ ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಕಾಣೆಯಾದರೆ, ಅಥವಾ ನವಲಗುಂದದ ಮಹಿಳೆಯ ಶವ ಕಾಲುವೆಯಲ್ಲಿ ತೇಲಿ ಬೇರೆ ತಾಲೂಕಿನಲ್ಲಿ ದೊರೆತರೆ, ಎರಡು ಮೂರು ವ್ಯಾಪ್ತಿಗಳು ಒಂದೇ ದಿನ ಸೇರಿಕೊಳ್ಳುತ್ತವೆ. ಈ ಗಡಿಗಳನ್ನು ದಾಟಿ ಮಾಹಿತಿಯನ್ನು ಒಯ್ಯಬಲ್ಲವರು ಊರಿನವರೇ.

4. ಸದಸ್ಯರ ಕಾನೂನುಬದ್ಧ ಕರ್ತವ್ಯ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 34ನೇ ಪ್ರಕರಣವನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 40ನೇ ಪ್ರಕರಣವಾಗಿತ್ತು. ಅದರಂತೆ "ಗ್ರಾಮದ ವ್ಯವಹಾರಗಳಿಗೆ ಸಂಬಂಧಿಸಿದ ಅಧಿಕಾರಿ" ಎಂದರೆ ಗ್ರಾಮದ ಪಂಚಾಯಿತಿಯ ಸದಸ್ಯರೂ ಸೇರುತ್ತಾರೆ. ಇಂತಹ ಅಧಿಕಾರಿಯೂ ಗ್ರಾಮದ ನಿವಾಸಿಯೂ ತಮಗೆ ತಿಳಿದ ಕೆಳಕಂಡ ಮಾಹಿತಿಯನ್ನು ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಕ್ಷಣ ತಿಳಿಸತಕ್ಕದ್ದು:

(ಅ) ಗ್ರಾಮದಲ್ಲಿ ಅಥವಾ ಸಮೀಪದಲ್ಲಿ ಜಾಮೀನುರಹಿತ ಅಪರಾಧ ನಡೆದಿದ್ದರೆ, ಅಥವಾ ನಡೆಸುವ ಉದ್ದೇಶವಿರುವುದು ತಿಳಿದುಬಂದರೆ;
(ಆ) ಹಠಾತ್, ಅಸ್ವಾಭಾವಿಕ ಅಥವಾ ಸಂಶಯಾಸ್ಪದ ಮರಣ ಸಂಭವಿಸಿದರೆ, ಅಥವಾ ಅಂತಹ ಸಂಶಯಕ್ಕೆ ಎಡೆಯಿರುವಂತೆ ಶವವಾಗಲಿ ಅದರ ಭಾಗವಾಗಲಿ ದೊರೆತರೆ;
(ಇ) ಜಾಮೀನುರಹಿತ ಅಪರಾಧ ನಡೆದಿರಬಹುದೆಂದು ಸಂಶಯಪಡಲು ಕಾರಣವಿರುವ ಸಂದರ್ಭದಲ್ಲಿ ಗ್ರಾಮದಿಂದ ವ್ಯಕ್ತಿಯೊಬ್ಬರು ಕಾಣೆಯಾದರೆ.

ಉಳಿದ ಗ್ರಾಮಸ್ಥರಂತೆಯೇ ನಮ್ಮ ಮೇಲೂ ಈ ಹೊಣೆಯಿದೆ. ಚುನಾಯಿತರೆಂಬ ಕಾರಣಕ್ಕೆ ಅದು ಇನ್ನಷ್ಟು ಸ್ಪಷ್ಟವಾಗಿದೆ. ಕಾನೂನಿನಂತೆ ತಿಳಿಸಲೇಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಿಳಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 211ನೇ ಪ್ರಕರಣದಡಿ ಶಿಕ್ಷಾರ್ಹ.

5. ಕಾಣೆಯಾದ ಸುದ್ದಿ ಬಂದಾಗ

ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲಿಯೂ ಇಲ್ಲ. "ನಾಳೆ ಬಂದಾಳು, ನೋಡೋಣ" ಎಂಬ ಸಮಾಧಾನದಲ್ಲಿ ಕಳೆಯುವ ಮೊದಲ ರಾತ್ರಿಯೇ ಬಹಳ ಅಮೂಲ್ಯವಾದುದು. ಸದಸ್ಯರು ಮಾಡಬೇಕಾದ ಕೆಲಸಗಳು:

ಒಂದು, ಕುಟುಂಬದವರೊಡನೆ ಠಾಣೆಗೆ ಹೋಗಿ ಲಿಖಿತ ದೂರು ಕೊಡಿಸುವುದು. ಇತ್ತೀಚಿನ ಭಾವಚಿತ್ರ, ಎತ್ತರ, ಮೈಬಣ್ಣ, ಹಚ್ಚೆ ಅಥವಾ ಮಚ್ಚೆಯ ಗುರುತು, ಉಟ್ಟ ಬಟ್ಟೆ, ಬಳಸುವ ಮೊಬೈಲ್ ಸಂಖ್ಯೆ, ಕೊನೆಯದಾಗಿ ಕಂಡವರು ಯಾರು, ಯಾವ ವಾಹನ, ಜೊತೆಗಿದ್ದವರು ಯಾರು ಎಂಬ ವಿವರಗಳು ದೂರಿನಲ್ಲಿರಲಿ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಟೆಂಪೋದಲ್ಲಿ ಬೇರೆ ಊರಿಗೆ ಹೋದವಳಾಗಿದ್ದರೆ ಕರೆದೊಯ್ದ ಮೇಸ್ತ್ರಿಯ ಹೆಸರು ಮುಖ್ಯ.

ಎರಡು, ವ್ಯಾಪ್ತಿಯ ನೆಪಕ್ಕೆ ಹಿಂದಿರುಗದಿರುವುದು. ಸಂಹಿತೆಯ 173ನೇ ಪ್ರಕರಣದಂತೆ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುತ್ತಾರೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ಕೊಟ್ಟಲ್ಲಿ ಮೂರು ದಿನಗಳೊಳಗೆ ಸಹಿ ಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಪ್ರಕರಣ ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿಯೇ ಹೇಳಿದೆ. ನಿರಾಕರಿಸಿದರೆ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಬರೆಯಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಸಲ್ಲಿಸಬಹುದು.

ಮೂರು, ಕಾಣೆಯಾದವಳು 18 ವರ್ಷದೊಳಗಿನವಳಾದರೆ ಒತ್ತಾಯ ಇನ್ನೂ ಬಲವಾಗಿರಲಿ. ಬಚಪನ್ ಬಚಾವೋ ಆಂದೋಲನ ಪ್ರಕರಣದಲ್ಲಿ 2013ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಾಣಿಕೆಯೆಂದೇ ಮೊದಲು ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ನಿರ್ದೇಶಿಸಿತು.

ನಾಲ್ಕು, ಪತ್ತೆಯಾಗುವವರೆಗೂ ವಿಚಾರಿಸುತ್ತಿರುವುದು. ಪ್ರಕರಣ ದಾಖಲಾಗಿದ್ದರೆ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸಂಹಿತೆಯ 193ನೇ ಪ್ರಕರಣ ಹೇಳುತ್ತದೆ. ಸುತ್ತಲಿನ ಠಾಣೆಗಳಲ್ಲಿ, ರೈಲ್ವೆ ಪೊಲೀಸರಲ್ಲಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಶವಾಗಾರದಲ್ಲಿ ಅಪರಿಚಿತ ಮಹಿಳೆಯರ ಮಾಹಿತಿಯನ್ನು ಹೋಲಿಸಿ ನೋಡಲು ಕೋರಬೇಕು. ಕರಾವಳಿಯ ಪ್ರಕರಣದಲ್ಲಿ ತಪ್ಪಿಹೋದ ಹೆಜ್ಜೆ ಇದೇ.

ಒಂದು ಎಚ್ಚರಿಕೆಯ ಮಾತು. ವಯಸ್ಕ ಮಹಿಳೆಗೆ ತನ್ನ ಇಚ್ಛೆಯಂತೆ ಬಾಳುವ, ತನಗೆ ಬೇಕಾದವರನ್ನು ಮದುವೆಯಾಗುವ ಹಕ್ಕಿದೆ. ಹುಡುಕುವ ಉದ್ದೇಶ ಅವಳು ಸುರಕ್ಷಿತವಾಗಿರುವಳೇ ಎಂದು ತಿಳಿಯುವುದಷ್ಟೆ. ಎಳೆದು ತಂದು ಒಪ್ಪಿಸುವುದಲ್ಲ. ಸಿಕ್ಕವಳ ಹೇಳಿಕೆಯನ್ನು ಪೊಲೀಸರು ದಾಖಲಿಸುತ್ತಾರೆ. "ಮನೆಗೆ ಹೋದರೆ ಜೀವಕ್ಕೆ ಅಪಾಯ" ಎಂದು ಅವಳು ಹೇಳಿದರೆ, ಊರಿನ ಹಿರಿಯರ ಭರವಸೆಯ ಮೇಲೆ ಅವಳನ್ನು ಕಳುಹಿಸಲಾಗದು. ವಯಸ್ಕರಿಬ್ಬರ ವಿವಾಹದಲ್ಲಿ ಜಾತಿ ಪಂಚಾಯಿತಿಗಳು ಮಧ್ಯೆ ಬರುವುದು ಕಾನೂನುಬಾಹಿರವೆಂದು ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಅಪಾಯದಲ್ಲಿರುವ ದಂಪತಿಗೆ ಸುರಕ್ಷಿತ ವಸತಿ ಕಲ್ಪಿಸುವಂತೆಯೂ ಸರ್ಕಾರಗಳಿಗೆ ಸೂಚಿಸಿದೆ.

6. ಸಂಶಯಾಸ್ಪದ ಮರಣ ಸಂಭವಿಸಿದಾಗ

"ಹೊಟ್ಟೆನೋವು ತಾಳದೆ ಔಷಧಿ ಕುಡಿದಳು", "ಒಲೆಯ ಬೆಂಕಿ ತಗುಲಿತು", "ಕಾಲು ಜಾರಿ ಬಾವಿಗೆ ಬಿದ್ದಳು" ಎಂಬ ಮಾತುಗಳು ನಿಜವೂ ಇರಬಹುದು, ಅಲ್ಲದೆಯೂ ಇರಬಹುದು. ಅದನ್ನು ನಿರ್ಧರಿಸುವುದು ಮರಣೋತ್ತರ ಪರೀಕ್ಷೆ ಮತ್ತು ತನಿಖೆಯ ಕೆಲಸ, ಓಣಿಯ ಹಿರಿಯರದ್ದಲ್ಲ. ಮದುವೆಯಾದ ಏಳು ವರ್ಷಗಳೊಳಗೆ ಮಹಿಳೆ ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಮೃತಪಟ್ಟರೆ ಸಂಹಿತೆಯ 194 ಹಾಗೂ 196ನೇ ಪ್ರಕರಣಗಳಂತೆ ವಿಶೇಷ ವಿಚಾರಣೆಯ ವ್ಯವಸ್ಥೆಯಿದೆ. ವರದಕ್ಷಿಣೆ ಸಾವು ಸಾಬೀತಾದಲ್ಲಿ ಭಾರತೀಯ ನ್ಯಾಯ ಸಂಹಿತೆಯ 80ನೇ ಪ್ರಕರಣದಡಿ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ.

ಆದುದರಿಂದ ಪೊಲೀಸರಿಗೆ ತಿಳಿಸುವ ಮೊದಲು ಅಂತ್ಯಕ್ರಿಯೆ ನಡೆಯದಂತೆ ನೋಡಿಕೊಳ್ಳುವುದು ಸದಸ್ಯರ ಮೊದಲ ಕೆಲಸ. ತವರಿನವರಿಗೆ ಸುದ್ದಿ ತಲುಪಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸ್ಥಳವನ್ನು ತೊಳೆಯಲು, ಬಟ್ಟೆ ಸುಡಲು, ಮೊಬೈಲ್ ಅಳಿಸಲು ಬಿಡಬಾರದು. ಅಪರಾಧಿಯನ್ನು ಉಳಿಸಲು ಸಾಕ್ಷ್ಯ ನಾಶಪಡಿಸುವುದು 238ನೇ ಪ್ರಕರಣದಡಿ ಪ್ರತ್ಯೇಕ ಅಪರಾಧ. ಶವ ಪಂಚನಾಮೆಗೆ ಪಂಚರಾಗಿ ಸಹಿ ಹಾಕುವಾಗ ಕಂಡದ್ದನ್ನೇ ಬರೆಸಿ, ಓದಿಸಿಕೊಂಡು ಸಹಿ ಮಾಡಬೇಕು.

ಇಂತಿಷ್ಟು ಹೊಲ ಮಗುವಿನ ಹೆಸರಿಗೆ, ಇಂತಿಷ್ಟು ಹಣ ತವರಿಗೆ ಎಂದು ಕಟ್ಟೆಯ ಮೇಲೆ ರಾಜಿ ಮಾಡಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಕೊಲೆ, ವರದಕ್ಷಿಣೆ ಸಾವು, ಅತ್ಯಾಚಾರಗಳು ರಾಜಿಯಾಗಬಲ್ಲ ಅಪರಾಧಗಳಲ್ಲ. ಅಂತಹ ರಾಜಿ ಪತ್ರಕ್ಕೆ ಸದಸ್ಯರು ಸಹಿ ಹಾಕಿದರೆ ಆ ಪತ್ರವೇ ಅವರ ವಿರುದ್ಧ ಸಾಕ್ಷ್ಯವಾದೀತು. ಮಗುವಿನ ಭವಿಷ್ಯದ ಚಿಂತೆ ನ್ಯಾಯವಾದದ್ದೇ; ಅದಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಂತ್ರಸ್ತರ ಪರಿಹಾರ ಯೋಜನೆಯ ದಾರಿಯಿದೆ.

7. ಅಪಾಯಕ್ಕೆ ಮೊದಲೇ ಒದಗುವ ವ್ಯವಸ್ಥೆಗಳು

ತುರ್ತು ಸಂದರ್ಭಕ್ಕೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100 ಸಂಖ್ಯೆಗಳಿವೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಪ್ರಕರಣದಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸಖಿ ಕೇಂದ್ರಗಳಲ್ಲಿ ವೈದ್ಯಕೀಯ ನೆರವು, ಆಪ್ತಸಮಾಲೋಚನೆ, ಕಾನೂನು ಸಲಹೆ ಹಾಗೂ ತಾತ್ಕಾಲಿಕ ಆಶ್ರಯ ಒಂದೇ ಸೂರಿನಡಿ ದೊರೆಯುತ್ತವೆ. ರಾಜ್ಯದ ಸಾಂತ್ವನ ಕೇಂದ್ರಗಳೂ ಇದೇ ಉದ್ದೇಶಕ್ಕಾಗಿವೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿರುತ್ತಾರೆ. ದೌರ್ಜನ್ಯ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಅವರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯೂ ಬಾರದೆಂದು ಕಾಯ್ದೆಯ 4ನೇ ಪ್ರಕರಣವೇ ಹೇಳುತ್ತದೆ. "ನಾವು ಹೇಳಿದರೆ ನಮ್ಮ ಮೇಲೆ ಬಂದೀತು" ಎಂಬ ಅಂಜಿಕೆಗೆ ಇದು ಉತ್ತರ.

ಬೆದರಿಕೆಯ ಸುದ್ದಿಯನ್ನು ಮೊದಲು ಕೇಳುವವರು ಬಹುತೇಕ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಹಾಗೂ ಸ್ವಸಹಾಯ ಸಂಘದ ಮಹಿಳೆಯರು. ಅವರು ಸದಸ್ಯರ ಬಳಿ ಬಂದು ಹೇಳುವ ವಾತಾವರಣ ಇರಬೇಕು. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಸದಸ್ಯೆಯರ ಬದಲು ಅವರ ಪತಿಯರೇ ಫೋನ್ ಎತ್ತುವ ಕಡೆ, ಪತಿಯಿಂದ ಪೆಟ್ಟು ತಿಂದ ಹೆಣ್ಣುಮಗಳು ಯಾರಿಗೆ ಹೇಳಿಯಾಳು? ಸದಸ್ಯೆಯರು ಸ್ವತಃ ಲಭ್ಯರಿರುವುದೇ ಒಂದು ರಕ್ಷಣಾ ವ್ಯವಸ್ಥೆ.

8. ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

(1) ಮಹಿಳಾ ಗ್ರಾಮಸಭೆಯಲ್ಲಿ ಮಹಿಳಾ ಸುರಕ್ಷತೆಯನ್ನು ಪ್ರತ್ಯೇಕ ವಿಷಯವಾಗಿ ಚರ್ಚಿಸಿ ನಡಾವಳಿಯಲ್ಲಿ ದಾಖಲಿಸುವುದು. ಬೀಟ್ ಪೊಲೀಸ್ ಸಿಬ್ಬಂದಿಯನ್ನೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೂ ಆಹ್ವಾನಿಸುವುದು.
(2) ಪಂಚಾಯಿತಿಯಿಂದ ಠಾಣೆಗೆ ನೀಡಿದ ಮಾಹಿತಿಯ ದಿನಾಂಕ, ವೇಳೆ, ಪಡೆದವರ ಹೆಸರು, ಸ್ವೀಕೃತಿ ಹಾಗೂ ಮುಂದಿನ ಕ್ರಮವನ್ನು ಒಂದು ವಹಿಯಲ್ಲಿ ಬರೆಯುವುದು. ಈ ವಹಿ ಗೋಪ್ಯವಾಗಿರಬೇಕು. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಹೆಸರು ಬಹಿರಂಗಪಡಿಸುವುದು ನ್ಯಾಯ ಸಂಹಿತೆಯ 72ನೇ ಪ್ರಕರಣದಡಿ ಅಪರಾಧ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಸರು, ಚಿತ್ರ ಹಂಚುವುದಕ್ಕೂ ಇದು ಅನ್ವಯಿಸುತ್ತದೆ.
(3) ಪಂಚಾಯಿತಿ ಕಚೇರಿ, ಗ್ರಂಥಾಲಯ, ಶಾಲೆ, ಅಂಗನವಾಡಿ ಹಾಗೂ ಬಸ್ ತಂಗುದಾಣದ ಗೋಡೆಗಳ ಮೇಲೆ ಸಹಾಯವಾಣಿ ಸಂಖ್ಯೆಗಳನ್ನು ಬರೆಸುವುದು.
(4) ಕೆಲಸಕ್ಕಾಗಿ ಗುಂಪಾಗಿ ಹೊರ ಊರಿಗೆ ಹೋಗುವ ಮಹಿಳೆಯರ ಮೇಸ್ತ್ರಿ, ವಾಹನ ಹಾಗೂ ಊರಿನ ವಿವರವನ್ನು ಸ್ವಸಹಾಯ ಸಂಘದ ಮೂಲಕ ಇಟ್ಟುಕೊಳ್ಳುವುದು.
(5) ಬಾಲ್ಯವಿವಾಹದ ಸುಳಿವು ಸಿಕ್ಕಾಗ ತಕ್ಷಣ 1098ಕ್ಕೆ ತಿಳಿಸುವುದು. ಮದುವೆಗೆ ಅಂಜಿ ಮನೆ ಬಿಡುವ ಬಾಲಕಿಯೂ ನಾಳೆ ಕಾಣೆಯಾದವರ ಪಟ್ಟಿಯಲ್ಲಿರುತ್ತಾಳೆ.

ಈ ಯಾವ ಕ್ರಮಕ್ಕೂ ವಿಶೇಷ ಅನುದಾನ ಬೇಕಿಲ್ಲ. ಬೇಕಾದುದು ಒಂದು ವಹಿ, ಒಂದಿಷ್ಟು ಬಣ್ಣ, ಮತ್ತು ತಿಳಿದದ್ದನ್ನು ಅದೇ ದಿನ ತಿಳಿಸುವ ಶಿಸ್ತು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಮೂರು ವರ್ಷಗಳಲ್ಲಿ ತಮ್ಮ ವಾರ್ಡಿನಿಂದ ಕಾಣೆಯಾಗಿ ಇಂದಿಗೂ ಪತ್ತೆಯಾಗದ ಮಹಿಳೆಯರಿದ್ದಾರೆಯೇ? ದೂರು ದಾಖಲಾಗಿದೆಯೇ? ಕೊನೆಯ ಬಾರಿ ವಿಚಾರಿಸಿದ್ದು ಯಾವಾಗ?
2. ತಮ್ಮ ಗ್ರಾಮದ ಬೀಟ್ ಪೊಲೀಸ್ ಸಿಬ್ಬಂದಿಯ ಹೆಸರು ಮತ್ತು ಸಂಖ್ಯೆ ಎಲ್ಲ ಸದಸ್ಯರಿಗೂ ತಿಳಿದಿದೆಯೇ?
3. ಸೊಸೆಯೊಬ್ಬಳು ರಾತ್ರಿ ಮೃತಪಟ್ಟಿದ್ದು, ನಸುಕಿನಲ್ಲಿಯೇ ಅಂತ್ಯಕ್ರಿಯೆಗೆ ಸಿದ್ಧತೆ ನಡೆದಿದೆ. ಮನೆಯವರು ತಮ್ಮ ಬೆಂಬಲಿಗರು. ಸದಸ್ಯರಾಗಿ ಮೊದಲು ಯಾರಿಗೆ ಕರೆ ಮಾಡುವಿರಿ?
4. ಅಂತರ್ಜಾತಿ ವಿವಾಹವಾದ ದಂಪತಿ ಊರಿಗೆ ಮರಳಿದ್ದಾರೆ, ಬೆದರಿಕೆಯ ಮಾತು ಕೇಳಿಬಂದಿದೆ. 34ನೇ ಪ್ರಕರಣದಂತೆ ತಮ್ಮ ಕರ್ತವ್ಯವೇನು?

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪಾಠವನ್ನು ಗಟ್ಟಿಯಾಗಿ ಓದಿಸಿ, ಮೂರನೆಯ ಪ್ರಶ್ನೆಗೆ ಪ್ರತಿಯೊಬ್ಬ ಸದಸ್ಯರಿಂದಲೂ ಉತ್ತರ ಪಡೆಯುವುದು ಸೂಕ್ತ.